ಹೋದ ವರ್ಷದ ಹೊಸ ಕಾರು

ನಮ್ಮ ಕಾರಿನಲ್ಲಿ ಎಡಗಡೆಯ ಮುಂದಿನ ಸೀಟಿನ ಕೆಳಗೆ, ಸೀಟನ್ನು ನೆಲಕ್ಕೆ ಬಿಗಿದ ಬೋಲ್ಟಿನಡಿ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದೆ. ಕಾರು ರಸ್ತೆಯ ಉಬ್ಬು ಹತ್ತಿ ಇಳಿದಾಗಲೆಲ್ಲ ಅದು ಸರಸರ ಎನ್ನುತ್ತದೆ. ಗ್ಯಾರೇಜಿನವನು ಪ್ರತಿ ಸಲ ಕೇಳುತ್ತಾನೆ, "ತಗದು ಒಗೀಲೇನ್ರಿ ಮೇಡಂ?" ಬೇಡ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನನ್ನಲ್ಲಿ ಉತ್ತರವಿಲ್ಲ ಎಂಬುದು ನಮ್ಮ ಓಣಿಯಲ್ಲಿ ಸುದ್ದಿಯಾಗಬೇಕಾದ ಸಂಗತಿ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಳು. ವಿಷಯದ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಚೀಟಿ ಬಿಚ್ಚಿದ ಕ್ಷಣದಿಂದ ಅದೇ ನನ್ನ ಜನ್ಮಜಾತ ನಂಬಿಕೆ. ಮುಂಜಾನೆ ದೇವರಿಲ್ಲವೆಂದು ಒಂದು ಕಪ್ಪು, ಮಧ್ಯಾಹ್ನ ದೇವರಿದ್ದಾನೆಂದು ಇನ್ನೊಂದು ಕಪ್ಪು ಗೆದ್ದು ಬಂದ ದಿನವೂ ಉಂಟು. ಆ ಕಪ್ಪುಗಳ ಬಂಗಾರದ ಬಣ್ಣ ಎದ್ದುಹೋಗಿದೆ. ಒಂದರಲ್ಲಿ ಅವ್ವ ಚಮಚ ಇಡುತ್ತಾಳೆ, ಇನ್ನೊಂದರಲ್ಲಿ ಉಪ್ಪು. ಈಗ ನಾನು ಬಾಗಲಕೋಟೆಯ ಕೋರ್ಟಿನಲ್ಲಿ ಜೂನಿಯರ್ ವಕೀಲಳು. ಅಲ್ಲಿಯೂ ಚೀಟಿ ಬೇರೆಯವರೇ ಎತ್ತುತ್ತಾರೆ.

ಪ್ಲಾಸ್ಟಿಕ್ ಬಗ್ಗೆಯೂ ನನ್ನದೊಂದು ವಾದವಿತ್ತು. ಹೊಸ ಕಾರು ತಂದವರು ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯುವುದಿಲ್ಲ, ನೋಡಿದ್ದೀರಲ್ಲ? ನಮ್ಮ ಕಡೆ ಬಿಸಿಲಿಗೆ ಅದು ಕಾದು, ಬೆನ್ನಿಗೆ ಅಂಟಿ, ಇಳಿಯುವಾಗ ಚರ್ರ್ ಎಂದು ಚರ್ಮದ ಜೊತೆಗೇ ಏಳುತ್ತದೆ. ಆದರೂ ತೆಗೆಯುವುದಿಲ್ಲ. ಫ್ರಿಜ್ಜಿನ ಸ್ಟಿಕರ್ ಕೀಳುವುದಿಲ್ಲ, ಟೀವಿಯ ರಿಮೋಟನ್ನು ಕೊನೆಯತನಕ ಕವರಿನೊಳಗಿಂದಲೇ ಒತ್ತುತ್ತಾರೆ. ಬಳಸದೆ ಉಳಿಸಿದ್ದು ಯಾರಿಗಾಗಿ? ಈ ಪ್ರಶ್ನೆಯನ್ನು ಎಷ್ಟು ವೇದಿಕೆಯ ಮೇಲೆ ಕೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ. ಯಾರಿಗಾಗಿ ಎಂಬುದಕ್ಕೆ ನಿಜವಾಗಿಯೂ ಒಂದು ಉತ್ತರವಿರಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಇಳಕಲ್ಲಿನ ನನ್ನ ಚಿಗವ್ವನ ಹತ್ತಿರ ಆ ಉತ್ತರವಿತ್ತು.

ಚಿಗವ್ವ ನಮ್ಮವ್ವನ ಒಬ್ಬಳೇ ತಂಗಿ. ಸರಕಾರಿ ನರ್ಸು. ಹುನಗುಂದದ ಸುತ್ತಲಿನ ಹಳ್ಳಿಗಳನ್ನೆಲ್ಲ ಒಂದು ಹಳೆಯ ಮೊಪೆಡ್ಡಿನ ಮೇಲೆ, ಲಸಿಕೆಯ ಡಬ್ಬಿಯನ್ನು ಕಾಲಬಳಿ ಇಟ್ಟುಕೊಂಡು ತಿರುಗಿದವಳು. ಆ ಕಡೆಯ ಅರ್ಧ ಮಕ್ಕಳ ತೋಳಿನ ಮೇಲೆ ಅವಳ ಸಹಿಯಿದೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಯಾರಿಗೂ ಪುರಸೊತ್ತ ಆಗಲಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ನನ್ನ ಶಾಲೆಯ ರಜೆಗಳೆಲ್ಲ ಅವಳ ಎರಡು ಕೋಣೆಯ ಮನೆಯಲ್ಲೇ ಕಳೆದವು. ಗೋಡೆಯಾಚೆ ಮಗ್ಗದ ಸದ್ದು. ಅದು ನಿಂತಾಗ ಮಾತ್ರ ನಮಗೆ ಎಚ್ಚರವಾಗುತ್ತಿತ್ತು.

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ಚಿಗವ್ವ ಟ್ರಂಕು ತೆಗೆಯುತ್ತಿದ್ದಳು. ಒಳಗೆ ಉಡದ ಇಳಕಲ್ ಸೀರೆಗಳು. ನುಸಿಗುಳಿಗೆಯ ವಾಸನೆ, ಒಣಗಿ ಪುಡಿಯಾದ ಬೇವಿನೆಲೆ. ಒಂದೊಂದನ್ನೇ ಬಿಚ್ಚಿ, ಗಾಳಿಗೆ ಹಿಡಿದು, ಮೊದಲಿದ್ದ ಗೆರೆ ಬಿಟ್ಟು ಬೇರೆ ಗೆರೆಯ ಮೇಲೆ ಮಡಚಬೇಕು. ಇಲ್ಲದಿದ್ದರೆ ರೇಷ್ಮೆ ಒಂದೇ ಮಡಿಕೆಯಲ್ಲಿ ಕೂತು ಕೂತು ಅಲ್ಲೇ ಸೀಳುತ್ತದೆ. ಮಡಿಕೆಗೆ ನಮ್ಮ ಕಡೆ ಗಳಿಗಿ ಎನ್ನುತ್ತಾರೆ. ಸೀರೆಯ ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹಿಡಿದು, ಹತ್ತಿರ ಹೋಗಿ ದೂರ ಬಂದು ಗಳಿಗಿ ಹಾಕುವಾಗ ನನ್ನ ಮೊದಲ ವಾಗ್ವಾದಗಳು ನಡೆದವು.

"ಚಿಗವ್ವಾ, ಈ ಸೀರಿ ಯಾವಾಗ ತಗೊಂಡಿದ್ದಿ?"

"ನೀ ಹುಟ್ಟಿದ ವರ್ಷ."

"ಹಂಗಾದ್ರ ಹಳೇದು."

"ಉಟ್ಟೇನೇನ? ಗಳಿಗಿ ಮುರದಿಲ್ಲ. ಹೊಸಾದು."

"ಹಂಗಾದ್ರ ನಾನೂ ಹೊಸಾಕಿನs?"

"ನೀ ಹುಟ್ಟಿದಾಗಿಂದ ಬಾಯಿ ಬಳಸಾಕತ್ತಿ. ಪೂರಾ ಸವದು ಹೋಗೇತಿ."

ವಯಸ್ಸಿನಿಂದ ಹಳೆಯದಾಗುವುದೋ, ಬಳಕೆಯಿಂದ ಹಳೆಯದಾಗುವುದೋ? ನಾನು ವಯಸ್ಸಿನ ಪರ, ಅವಳು ಬಳಕೆಯ ಪರ. ಈ ಸ್ಪರ್ಧೆಗೆ ತೀರ್ಪುಗಾರರು ಇರಲಿಲ್ಲ.

ಗಳಿಗಿ ಮುರಿಯುವುದೆಂದರೆ ಹೊಸ ಸೀರೆಯನ್ನು ಮೊದಲ ಸಲ ಬಿಚ್ಚಿ ಉಡುವುದು. ಅದರಲ್ಲೊಂದು ರೂಢಿಯಿದೆ. ತೀರ ಪ್ರೀತಿಯವರಿದ್ದರೆ ನಮ್ಮ ಹೆಂಗಸರು ತಮ್ಮ ಹೊಸ ಸೀರೆಯನ್ನು ತಾವೇ ಮೊದಲು ಉಡುವುದಿಲ್ಲ. "ಗಳಿಗಿ ನೀ ಮುರಿ" ಎಂದು ಅವರ ಕೈಗೆ ಕೊಡುತ್ತಾರೆ. ಅವರು ಒಂದು ದಿನ ಉಟ್ಟು ಮರಳಿಸಿದ ಮೇಲೆ ತಾವು ಉಡುತ್ತಾರೆ. ಅಂದರೆ ಸೀರೆಯ ಹೊಸತನವನ್ನಷ್ಟೇ ಕಾಣಿಕೆ ಕೊಟ್ಟು, ಹಳೆಯದನ್ನು ತಾವಿಟ್ಟುಕೊಳ್ಳುವುದು. ನಮ್ಮವ್ವನಿಗೆ ಅವರಪ್ಪ ತಂದುಕೊಟ್ಟ ಮೊದಲ ರೇಷ್ಮೆ ಅಂಚಿನ ಸೀರೆಯ ಗಳಿಗಿ ಮುರಿದದ್ದು ಚಿಗವ್ವ. ಆಗ ಅವಳಿನ್ನೂ ಪರಕಾರ ಲಂಗದ ಹುಡುಗಿ. ಸೀರೆ ಉದ್ದವಾಗಿ, ಕಾಲಿಗೆ ತೊಡರಿ, ಶಾಲೆಯ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೇ ಬಿದ್ದಳಂತೆ. ಸೀರೆಗೆ ಮಣ್ಣಾಯಿತು. ಅವ್ವ ಬೈಯಲಿಲ್ಲವಂತೆ. ಇದನ್ನು ಚಿಗವ್ವ ನನಗೆ ಪ್ರತಿ ವರ್ಷ ಟ್ರಂಕಿನ ಮುಂದೆ ಕೂತು ಹೇಳುತ್ತಿದ್ದಳು. ಪ್ರತಿ ಸಲವೂ ಕೊನೆಗೆ, "ಬೈಲಿಲ್ಲ ನೋಡು ಆಕಿ" ಎನ್ನುತ್ತಿದ್ದಳು.

ಹೀಗಿದ್ದ ಅಕ್ಕತಂಗಿಯರು ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಮಾತು ಬಿಟ್ಟಿದ್ದರು. ಕಾರಣ ಇಬ್ಬರೂ ಹೇಳಲಿಲ್ಲ. ಚಿಗವ್ವ ಬಾಗಲಕೋಟೆಗೆ ಬರಲಿಲ್ಲ, ಅವ್ವ ಇಳಕಲ್ಲಿಗೆ ಹೋಗಲಿಲ್ಲ. ನಡುವೆ ನಾನು ಟಪಾಲು.

"ನಿಮ್ಮ ಚಿಗವ್ವಗ ಹೇಳು, ಖಾರಾ ಕುಟ್ಟಿಸೇನಿ, ಒಯ್ಯಿ ಅಂತ."

"ನಿಮ್ಮವ್ವಗ ಕೇಳು, ಬಿಪಿ ಗುಳಿಗಿ ಹೊತ್ತಿಗೆ ಸರಿ ನುಂಗ್ತಾಳಿಲ್ಲೋ."

ನೋಡಿ, ಖಾರ ಹೋಗುತ್ತಿತ್ತು, ಗುಳಿಗೆ ಬರುತ್ತಿತ್ತು. ಮಾತೊಂದು ಮಾತ್ರ ಹಾಯುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಚಿಗವ್ವ ಬಂದು ಮೂರೂ ಹೊತ್ತು ಅಡುಗೆ ಮಾಡಿ, ಅವ್ವನ ಮುಂದೆ ತಾಟು ಇಟ್ಟು, ಒಂದಕ್ಷರ ಆಡದೆ ಮರಳಿ ಹೋದಳು. ಇಬ್ಬರ ನಡುವೆ ಸಂಧಾನ ಮಾಡಿಸಲು ನಾನು ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮಾತಿನಿಂದ ಮುರಿದದ್ದನ್ನು ಮಾತಿನಿಂದ ಕೂಡಿಸಬಹುದೆಂಬುದು ಮಾತುಗಾರರ ಮೂಢನಂಬಿಕೆ.

ನಿವೃತ್ತಿಯಾದ ಮೇಲೆ ಚಿಗವ್ವ ಒಂದು ದಿನ ಫೋನು ಮಾಡಿದಳು. "ವಕೀಲ್ತಿ, ಕಾರ್ ತಗೋಬೇಕ್ಲೇ. ಡ್ರೈವಿಂಗ್ ಕಲ್ತೇನಿ. ಇಳಕಲ್ಲಾಗ ಎಲ್ಲಾರೂ ಓಡಿ ಮನಿ ಹೊಕ್ಕೊಂಡ್ರು, ಆದರೂ ಕಲ್ತೇನಿ. ಜೋಡೀಲೆ ಬಾ, ಅಂಗಡ್ಯಾವರ ಜೋಡಿ ನೀ ಮಾತಾಡು."

ಸಂಕ್ರಮಣ ಆಗಿ ಕೆಲವು ದಿನಗಳಾಗಿದ್ದವು. ಬಾಗಲಕೋಟೆಯ ಹೊರಗಿನ ಆ ಶೋರೂಮಿನೊಳಗೆ ಹೊಸ ವರ್ಷದ ಕಾರುಗಳು ಎಸಿಯ ತಂಪಿನಲ್ಲಿ ಮಿಂಚುತ್ತಿದ್ದವು. ಹಿಂದಿನ ಬಯಲಿನಲ್ಲಿ, ಮುಳ್ಳುತಂತಿಯ ಪಕ್ಕ, ಹೋದ ವರ್ಷ ಮಾರಾಟವಾಗದೆ ಉಳಿದವು ಧೂಳು ಹೊದ್ದು ಸಾಲಾಗಿ ನಿಂತಿದ್ದವು. ಅದೇ ಇಂಜಿನ್ನು, ಅದೇ ಬಣ್ಣ, ಒಂದು ಊರನ್ನೂ ನೋಡದ ಗಾಲಿ. ಡಿಸೆಂಬರ್ ಮುಗಿದು ಜನವರಿ ಹುಟ್ಟಿತು ಅಷ್ಟೇ. ಆ ಒಂದು ಬೆಳಗಿನಲ್ಲಿ ಅವು ಏನೂ ಮಾಡದೆ, ಎಲ್ಲಿಗೂ ಹೋಗದೆ ಒಂದು ವರ್ಷ ಹಳೆಯವಾಗಿದ್ದವು. ಅದಕ್ಕೇ ಅವುಗಳಿಗೆ ರಿಯಾಯಿತಿ.

ನಾನು ಸೇಲ್ಸಿನ ಹುಡುಗನನ್ನು ಅಡ್ಡಗಟ್ಟಿದೆ. ಉಳಿದ ಸ್ಟಾಕಿನ ಮೇಲೆ ಇನ್ನಷ್ಟು ಇಳಿಸಬೇಕು ಎಂದೆ.

"ಝೀರೋ ಕಿಲೋಮೀಟರ್ ಗಾಡೀರಿ ಮೇಡಂ. ಹೊಸಾದs."

"ಮುಂದ ಮಾರುವಾಗ ತಯಾರಾದ ವರ್ಷ ಕೇಳ್ತಾರೋ, ನಾವು ಒಯ್ದ ವರ್ಷ ಕೇಳ್ತಾರೋ?"

"ತಯಾರಾದ ವರ್ಷರಿ."

"ಮತ್ತ? ನಿಂತ ಗಾಡಿಗೂ ವಯಸ್ಸ ಆಕ್ಕೈತಿ. ಗೇಟ್ ದಾಟಿದ ಕೂಡ್ಲೇ ಹೊಸಾ ಗಾಡಿ ಬೆಲಿ ಇಳೀತೈತಿ. ಇದಂತೂ ಗೇಟ್ ದಾಟೂಕಿಂತ ಮದ್ಲs ಇಳದೈತಿ."

"ಮೇಡಂ, ನೀವs ಹತ್ತ ವರ್ಷ ಓಡಿಸಿದ್ರ ಯಾವ ವರ್ಷದ್ದಾದ್ರೇನ್ರಿ?"

ಹುಡುಗನ ವಾದ ಚೆನ್ನಾಗಿತ್ತು. ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಹೋದ ವರ್ಷದ ಕಾರು ಲಾಭ, ಬೇಗ ಮಾರುವವರಿಗೆ ನಷ್ಟ. ಇದನ್ನು ಚಿಗವ್ವನಿಗೆ ಉದಾಹರಣೆ ಸಮೇತ ವಿವರಿಸಬೇಕೆಂದು ತಿರುಗಿದರೆ ಅವಳಿರಲಿಲ್ಲ. ಹಿಂದಿನ ಬಯಲಿನಲ್ಲಿ ಒಂದು ಬಿಳಿ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ರೋಗಿಯ ನಾಡಿ ಹಿಡಿದಂತೆ ಅದರ ಟೈರು ಮುಟ್ಟುತ್ತಿದ್ದಳು.

"ಇಲ್ನೋಡು. ನಿಂತು ನಿಂತು ಒಂದs ಕಡೀಗೆ ಚಪ್ಪಟಿ ಆಗೇತಿ. ಸೀರಿ ಆಗಿದ್ರ ಗಳಿಗಿ ಬದ್ಲ ಮಾಡ್ತಿದ್ವಿ. ನನಗ ಇದs ಬೇಕು."

"ಒಳಗ ಈ ವರ್ಷದ್ದು ಐತಿ ಚಿಗವ್ವಾ. ಸ್ವಲ್ಪs ಫರಕು. ಮುಂದ ಮಾರಿದ್ರ..."

"ಮಾರಾಕ ಯಾರ್ ತಗೋತಾರಬೇ? ಇದನ್ನ ಯಾರೂ ಮುಟ್ಟಿಲ್ಲ, ಎಲ್ಲಿಗೂ ಕರಕೊಂಡ ಹೋಗಿಲ್ಲ. ವರ್ಷ ತಿರುಗಿದ್ರ ಗಾಡೀದೇನು ತಪ್ಪು?"

ಅವಳ ದನಿಯಲ್ಲಿ ಏನೋ ಇತ್ತು. ನಾನು ರಿಯಾಯಿತಿಯ ಗುಂಗಿನಲ್ಲಿದ್ದೆ.

ಹಾಗೆ ನೋಡಿದರೆ ವಯಸ್ಸಿನ ಲೆಕ್ಕ ಹಾಕಿ ಬೆಲೆ ಕಳೆಯುವುದು ಬಾಗಲಕೋಟೆಯವರಿಗೆ ಹೊಸದಲ್ಲ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮುನ್ನ ಪರಿಹಾರಕ್ಕೆಂದು ಮನೆಗಳಿಗೆ ಬೆಲೆ ಕಟ್ಟಲು ಬಂದವರು ಮೊದಲು ಮನೆಯ ವಯಸ್ಸು ಕೇಳಿದರಂತೆ. ನಮ್ಮಜ್ಜ ಹೆಮ್ಮೆಯಿಂದ, "ನಮ್ಮ ಮುತ್ಯಾನ ಕಾಲದ್ದು, ತೇಗಿನ ಕಂಬ" ಎಂದನಂತೆ. ಎಷ್ಟು ಹಳೆಯದೋ ಅಷ್ಟು ಕಡಿಮೆ ಎಂದು ತಿಳಿದದ್ದು ಆಮೇಲೆ. ಅಜ್ಜ ಸಾಯುವವರೆಗೂ ಆ ಒಂದು ಮಾತಿಗೆ ಕೊರಗಿದ. ಬೆಲೆ ಕಡಿಮೆಯಾದದ್ದಕ್ಕಲ್ಲ, ಹಳೆಯದು ಎಂದು ತಾನು ಹೊಗಳಿದ್ದನ್ನು ಅವರು ದೂರಿನಂತೆ ಬರೆದುಕೊಂಡರಲ್ಲ, ಅದಕ್ಕೆ.

ಕಾರು ಇಳಕಲ್ಲಿಗೆ ಬಂತು. ಬಂದ ಮೇಲೆ ಚಿಗವ್ವ ಕಾನೂನು ಹೊರಡಿಸಿದಳು. ಹಿಂದಿನ ಸೀಟಿನ ಪ್ಲಾಸ್ಟಿಕ್ ಕಿತ್ತಳು, ತನ್ನ ಸೀಟಿನದನ್ನೂ ಕಿತ್ತಳು. ಎಡಗಡೆಯ ಮುಂದಿನ ಸೀಟಿನದು ಮಾತ್ರ ಹಾಗೇ ಉಳಿಯಿತು. ಅಲ್ಲಿ ಯಾರೂ ಕೂಡುವಂತಿಲ್ಲ.

"ಅಕ್ಕ ಬಂದು ಕುಂದ್ರಲಿ ಮೊದ್ಲ. ಗಳಿಗಿ ಆಕಿನs ಮುರೀಬೇಕು."

ಟಪಾಲು ಇದನ್ನು ಬಾಗಲಕೋಟೆಗೆ ತಲುಪಿಸಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಒಂದು ಕ್ಷಣ ತಪ್ಪಿತು.

"ಕರಿಯಾಕ ಆಕಿಗೆ ಬಾಯಿಲ್ಲೇನ? ಬಂದು ಕರೀಲಿ" ಎಂದಳು. ಆದರೆ ಅವತ್ತು ರೊಟ್ಟಿ ಬಡಿಯುತ್ತ ಏನೋ ಗುನುಗುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಪ್ರಕರಣ ಇತ್ಯರ್ಥದ ಹತ್ತಿರ ಬಂದಿದೆ ಎಂದು ನನಗೆ ಖಾತ್ರಿಯಾಯಿತು.

ಚಿಗವ್ವ ಬಂದಳು. ನೇರವಾಗಿ ಅಲ್ಲ. ಬಾದಾಮಿಯ ಬನಶಂಕರಿಗೆ ಕಾರಿನ ಪೂಜೆಗೆಂದು ನನ್ನನ್ನು ಕರೆದುಕೊಂಡು ಹೋದಳು. ಮುಂದೆ ಕೂಡುವಂತಿಲ್ಲವಾದ್ದರಿಂದ ನಾನು ಹಿಂದೆ, ಕರಿ ಕೋಟು ಮಡಿಲಲ್ಲಿಟ್ಟುಕೊಂಡು, ಸಾಹೇಬರಂತೆ. ಕನ್ನಡಕ ಮೂಗಿನ ತುದಿಗಿಳಿಸಿ, ಎರಡೂ ಕೈಯಿಂದ ಸ್ಟೀರಿಂಗ್ ಅಪ್ಪಿಕೊಂಡು ನಡೆಸುವ ಚಿಗವ್ವ ನನ್ನ ಡ್ರೈವರ್. ಗುಡಿಯ ಹತ್ತಿರ ಗಾಡಿ ನಿಲ್ಲಿಸಲು ಜಾಗ ತೋರಿಸುವವನು ಓಡಿಬಂದು ನನ್ನ ಬಾಗಿಲು ತೆರೆದು, ಚಿಗವ್ವನಿಗೆ ಮೆಲ್ಲಗೆ ಕೇಳಿದ, "ಮೇಡಮ್ಮಾರು ಯಾವ ಖಾತೇವ್ರಿ?"

"ಬಾಯಿ ಖಾತಿ" ಎಂದಳು ಚಿಗವ್ವ. "ಭಾಳ ದೊಡ್ಡ ಹುದ್ದಿ. ಪಗಾರ ಇಲ್ಲ."

ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಹಾಯಿಸಿದಳು. ಯಾವ ತರ್ಕದಿಂದ ಎಂದು ನಾನು ಕೇಳಿದ್ದಕ್ಕೆ, ಉಳಿದ ನಿಂಬೆಹಣ್ಣಿನ ಶರಬತ್ತು ಮಾಡಿ ಕೊಡುವುದಾಗಿ ಹೇಳಿ ಬಾಯಿ ಮುಚ್ಚಿಸಿದಳು. ಮರಳುವಾಗ ನನ್ನನ್ನು ಬಿಡುವ ನೆಪದಲ್ಲಿ ಬಾಗಲಕೋಟೆಯ ನಮ್ಮ ಮನೆಯ ಮುಂದೆಯೇ ನಿಲ್ಲಿಸಿದಳು. ಇಳಿಯಲಿಲ್ಲ. ಒಂದು ಸಲ ಹಾರ್ನ್ ಹೊಡೆದಳು.

ಅವ್ವ ಜೋಳ ಹಸನು ಮಾಡುತ್ತಿದ್ದ ಮೊರ ಹಿಡಿದುಕೊಂಡೇ ಗೇಟಿಗೆ ಬಂದಳು. ಚಿಗವ್ವ ಒಳಗಿನಿಂದಲೇ ಬಾಗಿ, ತೋಳು ಚಾಚಿ, ಎಡಗಡೆಯ ಬಾಗಿಲು ತೆರೆದಳು. ಬಾಯಿಂದ ಏನೂ ಹೇಳಲಿಲ್ಲ. ಎದುರಿನ ಗಾಜನ್ನೇ ನೋಡುತ್ತ ಕೂತಳು. ಅವ್ವ ತೆರೆದ ಬಾಗಿಲು ನೋಡಿದಳು, ಪ್ಲಾಸ್ಟಿಕ್ ಹೊದ್ದ ಸೀಟು ನೋಡಿದಳು. ಮೊರವನ್ನು ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಗೇಟು ದಾಟಿದಳು. ಏನಾದರೂ ಒಂದು ಮಾತು ಆಡಬೇಕಲ್ಲ ಎಂದೋ ಏನೋ, ನನ್ನ ಕಡೆ ತಿರುಗಿ, ನಮ್ಮ ಕಡೆ ಕಾರು ಕಂಡವರೆಲ್ಲ ಕೇಳುವುದನ್ನೇ ಕೇಳಿದಳು.

"ಯಾವ ಮಾಡೆಲ್ಲ?"

"ಹೋದ ವರ್ಷದ್ದವ್ವಾ. ಉಳದಿದ್ದು. ಸೋವಿ ಸಿಕ್ತು."

ಅವ್ವನ ಮುಖ ನಾನು ನೋಡನೋಡುತ್ತಿದ್ದಂತೆ ಮುಚ್ಚಿಹೋಯಿತು. ತಿರುಗಿ ಮೊರ ಎತ್ತಿಕೊಂಡು ಒಳಗೆ ನಡೆದಳು. ಚಿಗವ್ವ ಸ್ವಲ್ಪ ಹೊತ್ತು ಕಾದು, ಮತ್ತೆ ಬಾಗಿ ಬಾಗಿಲೆಳೆದುಕೊಂಡಳು.

"ಆಕಿಗೆ ಉಳದದ್ದು ಸೇರಂಗಿಲ್ಲ ಬಿಡು" ಎಂದಳು. ಹೋದಳು.

ಒಳಗೆ ಅವ್ವ ಜೋಳ ಕೇರುತ್ತಿದ್ದಳು, ಕಲ್ಲೂ ಜೋಳವೂ ಒಟ್ಟಿಗೇ ಹಾರುವಷ್ಟು ಜೋರಾಗಿ. "ತೋರಸಾಕ ಬಂದಿದ್ಲು ನನಗ" ಎಂದಳು.

"ಏನ ತೋರಸಾಕ?"

"ನಿನಗ್ಯಾಕ ಅದು?"

ಆಮೇಲೆ ಖಾರ, ಗುಳಿಗೆ ಕೂಡ ನಿಂತವು.

ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ಒಂದು ಮುಂಜಾನೆ ಇಳಕಲ್ಲಿನಿಂದ ಪಕ್ಕದ ಮನೆಯವರ ಫೋನು ಬಂತು. ಚಿಗವ್ವ ಹಿತ್ತಲ ಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳಂತೆ. ಚಹದ ಕಪ್ಪು ಕೆಳಗೆ ಇಟ್ಟದ್ದು ಇಟ್ಟಂತೆಯೇ ಇತ್ತಂತೆ. ಊರೆಲ್ಲರ ನಾಡಿ ಹಿಡಿದವಳು ತನ್ನದು ನಿಲ್ಲುವುದನ್ನು ಯಾರಿಗೂ ಹೇಳದೆ ಹೋದಳು.

ಅವ್ವ ಆ ಮನೆಯ ಹೊಸ್ತಿಲು ತುಳಿದದ್ದು ಅಂದೇ. ನೇರವಾಗಿ ಟ್ರಂಕು ತೆಗೆದು, ತಳದಿಂದ ನಾನು ಹುಟ್ಟಿದ ವರ್ಷದ ಆ ಸೀರೆ ಎಳೆದಳು. ತಂಗಿಗೆ ಉಡಿಸಲು ಗಳಿಗಿ ಮುರಿದಳು. ಮೊಣಕಾಲು ನೋವೆಂದು ಚಿಗವ್ವ ಕೊನೆಯ ಕೆಲವು ವರ್ಷ ಮಡಿಕೆ ಬದಲಿಸಿರಲಿಲ್ಲ. ಗೆರೆಯುದ್ದಕ್ಕೂ ರೇಷ್ಮೆ ಸಣ್ಣಗೆ ಸೀಳಿತ್ತು. ವಯಸ್ಸೋ ಬಳಕೆಯೋ ಎಂಬ ನಮ್ಮ ಹಳೆಯ ವಾದದಲ್ಲಿ ಕೊನೆಗೆ ನಾನು ಗೆದ್ದಿದ್ದೆ. ಅವ್ವ ಸೀಳು ಕಾಣದಂತೆ ನಿರಿಗೆಯನ್ನು ಒಳಗೆ ತಿರುಗಿಸಿ, ವಿಭೂತಿ ಹಚ್ಚಿ ಕೂರಿಸಿದ್ದ ತಂಗಿಯ ತೊಡೆಯ ಮೇಲೆ ಸೆರಗು ಹರವಿದಳು. ಬಹಳ ಹೊತ್ತು ಸರಿಪಡಿಸುತ್ತಲೇ ಇದ್ದಳು.

ಕಾರ್ಯಗಳೆಲ್ಲ ಮುಗಿದು ಮನೆಗೆ ಬೀಗ ಹಾಕಿದೆವು. ಕಾರನ್ನು ಬಾಗಲಕೋಟೆಗೆ ತರಬೇಕಿತ್ತು. ಕಾಲೇಜಿನಲ್ಲೇ ಡ್ರೈವಿಂಗ್ ಕಲಿತ ನಾನು ಎಡಗಡೆಯ ಬಾಗಿಲು ತೆರೆದು, "ಬಾರವ್ವಾ" ಎಂದೆ.

"ನನಗ ಯಾರು ಕುಂದ್ರು ಅಂದಾರ?" ಎಂದಳು ಅವ್ವ.

"ಹಿಂದರ ಕುಂದ್ರು."

"ಬಸ್ಸೈತಿ."

ಬಸ್ಸಿಗೇ ಹೋದಳು. ನಾನು ಆ ಬಸ್ಸಿನ ಹಿಂದೆಯೇ ಕಾರು ಬಿಟ್ಟೆ. ಹುನಗುಂದದಲ್ಲಿ ಬಸ್ಸು ನಿಂತಾಗ ನಾನೂ ನಿಂತೆ. ಅಮೀನಗಡದಲ್ಲಿ ಬಸ್ಸಿನವರು ಕರದಂಟು ಕೊಳ್ಳಲು ಇಳಿದಾಗ ನಾನೂ ಕಾದೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವ್ವನ ಬೆನ್ನು ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ಖಾಲಿ ಸೀಟು ಉಬ್ಬುಉಬ್ಬಿಗೂ ಸರಸರ ಎನ್ನುತ್ತಿತ್ತು. ದಾರಿಯಲ್ಲಿ ಹೋಗುವವರು ಇದೆಂಥ ಮೆರವಣಿಗೆ ಎಂದುಕೊಂಡರೋ.

ಅವ್ವ ಕಾರಣ ಹೇಳಿದ್ದು ಮರುದಿನ, ಅವರೆಕಾಯಿ ಬಿಡಿಸುತ್ತ, ನನ್ನ ಕಡೆ ನೋಡದೆ.

"ಹುನಗುಂದದಾಗ ಒಬ್ರು ಔಷಧಿ ಅಂಗಡಿಯವರು. ಹೆಂಡ್ತಿ ತೀರಿದ್ರು. ಚಲೋ ಮನಷ್ಯಾ. ನಿಮ್ಮ ಚಿಗವ್ವನ್ನ ಮಾಡ್ಕೋತೇನಿ ಅಂದಿದ್ರು. ಏನ ಮಾಡ್ಲಿ ಅಕ್ಕಾ ಅಂತ ಕೇಳಾಕ ಬಂದಿದ್ಲು. ನಾ ಏನಂದೆ ಗೊತ್ತೇನು? ಹೋದ ವರ್ಷದ ಕ್ಯಾಲೆಂಡರ್ ಯಾರರ ಗ್ವಾಡಿಗೆ ಹಾಕ್ತಾರೇನಬೇ, ಅಂದೆ. ಚ್ಯಾಷ್ಟಿ ಮಾಡಿದ್ದೆ ನಾ. ಆಕಿನೂ ನಕ್ಕಳು. ಚಾ ಕುಡದು, ಕಪ್ಪು ತೊಳದಿಟ್ಟು ಹ್ವಾದ್ಲು. ಅವರಿಗೆ ಒಲ್ಲೆ ಅಂತ ಹೇಳಿಬಿಟ್ಲು."

ಅವ್ವ ಬಿಡಿಸಿದ ಕಾಳಿನಲ್ಲೇ ಮತ್ತೆ ಮತ್ತೆ ಬೆರಳಾಡಿಸಿದಳು.

"ಆವತ್ತ ಬಾಗಲಕ್ಕ ಕಾರ್ ತಂದು ನಿಂದರ್ಸಿದ್ಲಲ್ಲ. ಹೋದ ವರ್ಷದ್ದು ಅಂದಿ ನೀ. ನನ್ನ ಮಾತಿನ ಮ್ಯಾಲ ನನ್ನs ಕುಂದರ್ಸಾಕ ಬಂದಾಳ ಅನಿಸ್ತು."

ಪರ ವಿರೋಧ ಎರಡೂ ನನಗೆ ಬರುತ್ತವೆ ಎಂದೆನಲ್ಲ, ಈ ಕಾರಿನ ವಿಷಯದಲ್ಲೂ ಬರುತ್ತವೆ. ಚಿಗವ್ವ ಕುಟುಕಲೆಂದೇ ಹೋದ ವರ್ಷದ ಕಾರು ಆರಿಸಿದಳು ಎಂದು ವಾದಿಸಬಹುದು. ಅಥವಾ, ಉಳಿದದ್ದರಲ್ಲೂ ಹೊಸತನವಿರುತ್ತದೆ, ಅದನ್ನು ನಿನಗಾಗಿಯೇ ಇಟ್ಟಿದ್ದೇನೆ ಎಂದು ಅಕ್ಕನಿಗೆ ಹೇಳಬಂದಳು ಎಂದೂ ವಾದಿಸಬಹುದು. ಸಾಕ್ಷಿ ಹೇಳಬೇಕಾದವಳು ಇಲ್ಲ. ನನ್ನ ಬಾಯಿಗೆ ಬಂದದ್ದು ಒಂದೇ.

"ಬಾಗಲಾ ತಗದಿದ್ಲಲ್ಲವ್ವಾ."

ಅವ್ವ ಕಾಳು ಎತ್ತಿಕೊಂಡು ಒಳಗೆ ಹೋದಳು. ಆದರೆ ಆಮೇಲೆ ಎಂಟು ದಿನಕ್ಕೋ ಹದಿನೈದು ದಿನಕ್ಕೋ, "ಗಾಡಿ ನಿಂತs ಐತಿ. ಒಂದಿಷ್ಟು ಮುಂದ ಹಿಂದ ಮಾಡು, ಗಾಲಿ ಚಪ್ಪಟಿ ಆಕ್ಕಾವು" ಎನ್ನುತ್ತಿದ್ದಳು. ಟೈರಿನ ಕಥೆಯನ್ನು ಹಿಂದೊಮ್ಮೆ ನಗಲೆಂದು ನಾನೇ ಹೇಳಿದ್ದೆ. ನಾನು ಅಂಗಳದಲ್ಲೇ ಕಾರನ್ನು ಮೊಳದಷ್ಟು ಸರಿಸುತ್ತಿದ್ದೆ. ಅವಳು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. ಹತ್ತುತ್ತಿರಲಿಲ್ಲ.

ಕೊನೆಗೆ ಅವಳೇ ಮಾರಿಬಿಡು ಎಂದಳು. ಹಳೆಯ ಗಾಡಿಗಳ ದಲ್ಲಾಳಿ ಹುಸೇನಸಾಬ ಬಂದರು, ಮೆದು ಮಾತಿನ ಹಿರಿಯರು. ಕಾರನ್ನು ಒಂದು ಸುತ್ತು ಹಾಕಿ ಹೇಳಿದ ಬೆಲೆಗೆ ನನ್ನೊಳಗಿನ ಕಪ್ಪುಗಳೆಲ್ಲ ಎದ್ದು ನಿಂತವು.

"ಏನ್ ಹೇಳ್ತೀರಿ ಸಾಬ್ರs? ಹೊಸಾ ಗಾಡಿ ಇದು. ಬಾದಾಮಿಗೆ ಹೋಗಿ ಬಂದದ್ದs ದೊಡ್ಡ ಸವಾರಿ. ಮೀಟರ್ ನೋಡ್ರಿ!"

"ಮೀಟರ್ ಖರೇ ಐತಿ ಮೇಡಂ. ಆದ್ರ ಗಿರಾಕಿ ತಯಾರಾದ ವರ್ಷ ನೋಡ್ತಾನ್ರಿ. ನಿಂತ ಗಾಡಿಗೂ ವಯಸ್ಸ ಆಕ್ಕೈತಿ."

ನನ್ನದೇ ವಾಕ್ಯ. ಅಕ್ಷರ ಕೂಡ ಬದಲಾಗಿರಲಿಲ್ಲ. ಅದಕ್ಕೆ ಎದುರಾಳಿ ಏನು ಹೇಳಬೇಕೆಂದು ಯಾವ ಸ್ಪರ್ಧೆಗೂ ನಾನು ತಯಾರಿ ಮಾಡಿಕೊಂಡಿರಲಿಲ್ಲ. ಹುಸೇನಸಾಬರು ಗಾಜಿನೊಳಗೆ ಇಣುಕಿದರು.

"ಅರೆ, ಈ ಸೀಟಿನ ಪ್ಲಾಸ್ಟಿಕ್ ಕೂಡ ತಗದಿಲ್ಲ! ಇದನ್ನ ಮುಟ್ಟಬ್ಯಾಡ್ರಿ ಮತ್ತ. ಶೋರೂಮ್ ಪೀಸ್ ಅಂತ ತೋರಿಸಿದ್ರ ಸ್ವಲ್ಪ ಏರಸಾಕ ಬರ್ತೈತಿ."

ಬಾಗಿಲಲ್ಲಿ ನಿಂತಿದ್ದ ಅವ್ವ ಇಳಿದು ಬಂದಳು. ಎಡಗಡೆಯ ಬಾಗಿಲನ್ನು ತಾನೇ ತೆರೆದಳು. ಆಮೇಲೆ ಅದರ ಅಂಚು ಹಿಡಿದು ಸುಮ್ಮನೆ ನಿಂತುಬಿಟ್ಟಳು, ಪರರ ಮನೆಯ ಪಡಸಾಲೆಯಲ್ಲಿ ನಿಂತಂತೆ. ಹುಸೇನಸಾಬರಿಗೆ ನಮ್ಮ ಕಥೆ ಏನು ಗೊತ್ತು? ಹಿರಿಯ ಹೆಣ್ಣುಮಗಳು ನಿಂತಿದ್ದಾಳೆಂದು ಮರ್ಯಾದೆಗೆ ಅಂದರು.

"ಕುಂದರ್ರಿ ಅಕ್ಕಾರ, ನಿಮ್ಮs ಗಾಡಿ."

ಅವ್ವ ಅವರ ಮುಖ ನೋಡಿದಳು. ಕೂತಳು. ಕೂತು, ಬೆನ್ನ ಹಿಂದೆ ಕೈ ಹಾಕಿ, ಪ್ಲಾಸ್ಟಿಕ್ಕನ್ನು ಉಗುರಿನಿಂದ ಸೀಳತೊಡಗಿದಳು.

"ಅಯ್ಯೋ, ರೇಟ್ ಕಡಿಮಿ ಆಕ್ಕೈತ್ರಿ ಅಕ್ಕಾರ!"

"ಆಗ್ಲಿ."

ಮೇಲಿನದನ್ನು ಸೀಳಿದಳು, ತೊಡೆಯಡಿಯದನ್ನು ಎಳೆದಳು, ಎಳೆದೆಳೆದು ಮುದ್ದೆ ಮಾಡಿ ಅಂಗಳಕ್ಕೆ ಎಸೆದಳು. ಬೋಲ್ಟಿನಡಿ ಸಿಕ್ಕಿದ್ದು ಮಾತ್ರ ಬರಲಿಲ್ಲ. ಅವಳ ಬೆರಳು ಕೆಂಪಾಗಿದ್ದವು. ಹುಸೇನಸಾಬರು ನನ್ನ ಕಡೆ ನೋಡಿ, ಏನನ್ನೋ ಅರ್ಥ ಮಾಡಿಕೊಂಡವರಂತೆ ಟೋಪಿ ಸರಿಪಡಿಸಿಕೊಂಡು, "ಬರ್ತೇನ್ರಿ" ಎಂದು ಹೊರಟುಹೋದರು.

"ಚಾಲೂ ಮಾಡು" ಎಂದಳು ಅವ್ವ.

"ಎಲ್ಲಿಗೆ?"

"ಇಳಕಲ್ಲಿಗೆ."

ಹುನಗುಂದ ದಾಟಿದ ಮೇಲೆ, ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದಳು, "ಯಾವ ಮಾಡೆಲ್ಲ ಅಂದಿ?"

ದಾಖಲೆ ನನಗೆ ಬಾಯಿಪಾಠವಿತ್ತು. "ಹೊಸಾದವ್ವಾ" ಎಂದೆ.

ಚಿಗವ್ವನ ಮನೆಯ ಮುಂದೆ ನಿಲ್ಲಿಸಿದೆ. ಬೀಗಕ್ಕೆ ತುಕ್ಕು ಹತ್ತುತ್ತಿತ್ತು. ಪಕ್ಕದ ಮನೆಯಲ್ಲಿ ಮಗ್ಗ ನಡೆದಿತ್ತು. ಅವ್ವ ಇಳಿಯಲಿಲ್ಲ.

"ಹಾರ್ನ್ ಹೊಡಿ."

ಯಾರು ಕೇಳುತ್ತಾರೆ, ಯಾರು ಬರುತ್ತಾರೆ ಎಂಬ ಪ್ರಶ್ನೆ ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಹೊಡೆದೆ. ಮಗ್ಗ ಗಕ್ಕನೆ ನಿಂತಿತು. ಅವ್ವ ಕೈ ಚಾಚಿ ತನ್ನ ಕಡೆಯ ಬಾಗಿಲು ತೆರೆದಳು. ತೆರೆದು, ಹಾಗೇ ಬಿಟ್ಟು, ಬೀಗದ ಕಡೆ ನೋಡುತ್ತ ಕೂತಳು.